ಟರ್ಬೊ ಕೂರಿಸಲು ಹೊರಟ ಭಾನುವಾರ

ಭಾನುವಾರ ನಮ್ಮ ಬೀದಿಗೆ ನಲ್ಲಿ ನೀರು ಬಿಡುತ್ತಾರೆ. ಆ ದಿನವೂ ಎದ್ದವಳೇ ತೊಟ್ಟಿ ತುಂಬಿಸಿದೆ, ಡ್ರಮ್ಮು ತುಂಬಿಸಿದೆ, ಗೇಟಿನ ಹೊರಗೆ ರಂಗೋಲಿ ಎಳೆದೆ. ಒಳಗೆ ಎಳೆಯಲು ಜಾಗವಿರಲಿಲ್ಲ. ಅಲ್ಲಿ ನಮ್ಮ ಕಾರು ಸ್ಟ್ಯಾಂಡುಗಳ ಮೇಲೆ, ಡಾಕ್ಟರ ಮುಂದೆ ಬಾಯಿ ಕಳೆದು ಕೂತ ಮಗುವಿನ ಹಾಗೆ ಬಾನೆಟ್ ತೆರೆದುಕೊಂಡು ನಿಂತಿತ್ತು. ಸ್ನಾನ, ಪೂಜೆ ಮುಗಿಸಿ ಪಡ್ಡಿನ ಹಂಚು ಒಲೆಗಿಟ್ಟೆ. ನಮ್ಮವರು ತಟ್ಟೆ ಹಿಡಿದು ಅಡುಗೆಮನೆ ಕಿಟಕಿಯ ಹತ್ತಿರ ನಿಂತೇ ತಿಂದರು. ಕಣ್ಣೆಲ್ಲ ಹೊರಗೆ. ಚಟ್ನಿಗೆ ಉಪ್ಪು ಹಾಕಿಲ್ಲವೆಂದು ನನಗೆ ಗೊತ್ತಾದದ್ದು ನಾನು ತಿನ್ನಲು ಕುಳಿತಾಗ. ಅವರು ಏನೂ ಹೇಳಿರಲಿಲ್ಲ.

ಅವತ್ತು ಆ ಕಾರನ್ನು ಟರ್ಬೊ ಹಾಕಿದ ಮೇಲೆ ಮೊದಲ ಸಲ ಚಾಲೂ ಮಾಡುವುದಿತ್ತು.

ನಮ್ಮದು ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ಕೂತರೆ ನೆಲದ ಮೇಲೆ ಚಾಪೆ ಹಾಕಿ ಕೂತಂತೆ. ಹೆದ್ದಾರಿಯಲ್ಲಿ ಪಕ್ಕಕ್ಕೆ ಲಾರಿ ಬಂದರೆ ಕಿಟಕಿಯಲ್ಲಿ ಕಾಣುವುದು ಅದರ ಚಕ್ರ ಮಾತ್ರ. ತರಕಾರಿ ತಂದರೆ ಚೀಲ ನನ್ನ ತೊಡೆಯ ಮೇಲೆ. ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ, ಮದಕರಿಪುರದ ಕಡೆಯ ಖಾಲಿ ರಸ್ತೆಯಲ್ಲಿ. ಅದನ್ನು ಮಾಡುತ್ತಿದ್ದ ಕಂಪನಿ ಯಾವತ್ತೋ ಕೈಬಿಟ್ಟಿದೆ. ಬಾಗಿಲಿನ ಹಿಡಿಕೆ ಮುರಿದರೆ ಮಾಡಿಸಬಹುದು, ದೀಪ ಒಡೆದರೆ ಬೇರೆ ಕಾರಿನದ್ದು ಹೊಂದಿಸಬಹುದು. ಎಂಜಿನ್ನು ಹೋದರೆ ಮಾತ್ರ ಇನ್ನೊಂದು ಸಿಗುವುದಿಲ್ಲ. ಅದು ಹೋಯಿತೆಂದರೆ ಕಾರನ್ನು ಗುಜರಿಗೆ ತಳ್ಳುವುದೊಂದೇ ದಾರಿ.

ಇವರದೊಂದು ಗೆಳೆಯರ ಗುಂಪಿದೆ. ದುರ್ಗದಲ್ಲಿ ಇವರು, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಒಬ್ಬೊಬ್ಬರು. ಎಲ್ಲರ ಹತ್ತಿರವೂ ಇಂಥದೇ ಸಣ್ಣ ಕಾರು, ಎಲ್ಲರಿಗೂ ಟರ್ಬೊ ಹುಚ್ಚು. ನೋಡಲು ಟರ್ಬೊ ಬೆನ್ನಿಗೆ ಬೆನ್ನು ಕೊಟ್ಟ ಎರಡು ಬಸವನಹುಳುಗಳಂತಿದೆ. ಒಂದರೊಳಗೆ ಎಂಜಿನ್ನಿನ ಹೊಗೆ ನುಗ್ಗಿ ಒಂದು ದಂಡದ ತುದಿಯ ಪುಟ್ಟ ಚಕ್ರ ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಎಂಜಿನ್ನಿಗೆ ಗಾಳಿ ತುರುಕುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲು ಹೆಚ್ಚು, ಪೆಟ್ರೋಲು ಹೆಚ್ಚಾದರೆ ಶಕ್ತಿ ಹೆಚ್ಚು. ಕೇಳಲು ಇಷ್ಟೇ. ಆದರೆ ಅದು ಒಂಟಿಯಾಗಿ ಬರುವುದಿಲ್ಲ. ಬಿಸಿ ಹೆಚ್ಚುತ್ತದೆ, ರೇಡಿಯೇಟರ್ ಸಾಲುವುದಿಲ್ಲ. ರೇಡಿಯೇಟರ್ ಬದಲಿಸಿದರೆ ಕ್ಲಚ್ಚು ತಡೆಯುವುದಿಲ್ಲ. ಕ್ಲಚ್ಚು ಗಟ್ಟಿಯಾದರೆ ಗೇರ್‌ಬಾಕ್ಸಿನ ಯೋಚನೆ, ಅದು ಮುಗಿದರೆ ಬ್ರೇಕಿನದು. ಆಮೇಲೆ ಆರ್‌ಟಿಒ ಏನೆನ್ನುತ್ತಾರೋ ಎಂಬುದು ಬೇರೆ. ಹೊಸದುರ್ಗದವರ ಟರ್ಬೊ ಬಟ್ಟೆ ಬೀರುವಿನಲ್ಲಿದೆ. ಹೊಳಲ್ಕೆರೆಯವರು ಟರ್ಬೊ ಹಾಕಬೇಕೆಂದು ಎಂಜಿನ್ ಬಿಚ್ಚಿದವರು ಮತ್ತೆ ಜೋಡಿಸಿಯೇ ಇಲ್ಲ. ಆ ಕಾರಿನ ಬಾನೆಟ್ಟಿನ ಮೇಲೆ ಅವರಮ್ಮ ಸಂಡಿಗೆ ಒಣಹಾಕುತ್ತಾರೆ. ಹಿರಿಯೂರಿನವರೊಬ್ಬರೇ ಹಾಕಿದ್ದು. ಹಾಕಿ, ಹೆದ್ದಾರಿಯಲ್ಲಿ ಒಂದು ದಿನ ಪಿಸ್ಟನ್ ಕರಗಿಸಿಕೊಂಡರು. ಅವರದ್ದು ಬೇರೆ ಕಂಪನಿಯ ಕಾರಾದ್ದರಿಂದ ಇನ್ನೊಂದು ಎಂಜಿನ್ನು ಸಿಕ್ಕಿತು, ಹಾಗಾಗಿ ಭಯ ಪೂರ್ತಿ ಬಿಟ್ಟುಹೋಗಿದೆ. ವಿಶೇಷವಾಗಿ ಬೇರೆಯವರ ಕಾರಿನ ವಿಷಯದಲ್ಲಿ.

ಒಂದು ಮಾತು ನನಗೆ ಬೇಗನೇ ಅರ್ಥವಾಗಿತ್ತು. ಹಾಕದೆ ಮುಂದೂಡುವುದಕ್ಕೆ ಇವರೆಲ್ಲ ಹೇಳುವ ಕಾರಣಗಳು ಸುಳ್ಳಲ್ಲ, ಆದರೆ ಅವುಗಳ ಹಿಂದೆ ಇನ್ನೊಂದಿದೆ. ಚೆನ್ನಾಗಿ ಓಡುತ್ತಿರುವ ಕಾರನ್ನು ತಮ್ಮ ಕೈಯಾರೆ ಬಿಚ್ಚಬೇಕಲ್ಲ. ಅದಕ್ಕೇ ಎಲ್ಲರೂ ಇನ್ನೊಬ್ಬರು ಮೊದಲು ಹಾಕಲಿ ಎಂದು ಕಾಯುತ್ತಾರೆ.

ನಮ್ಮನೆಯ ಟರ್ಬೊ ಬಂದು ವರ್ಷಗಳಾಗಿದ್ದವು. ಅಟ್ಟದ ಮೇಲೆ ಹಳೇ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದರು. ಆಯುಧಪೂಜೆಗೆ ಕೆಳಗಿಳಿಯುತ್ತಿತ್ತು, ಸ್ಪ್ಯಾನರು, ಜಾಕು, ನನ್ನ ಹೊಲಿಗೆ ಮಿಷನ್ನು, ಈಳಿಗೆಮಣೆಗಳ ಸಾಲಿನಲ್ಲಿ ಕೂತು ವಿಭೂತಿ, ಕುಂಕುಮ, ಚೆಂಡುಹೂವು, ಅಕ್ಷತೆ ಎಲ್ಲ ಹಾಕಿಸಿಕೊಂಡು ಮಾರನೆಯ ದಿನ ಮತ್ತೆ ಅಟ್ಟ ಸೇರುತ್ತಿತ್ತು. ಪೂಜೆ ಮಾಡುತ್ತಿದ್ದವರು ಅವರೇ. ಈ ಸಲದ ದಸರಾ ಕಳೆದ ಮೇಲೆ ಮಾತ್ರ, ಇನ್ನೆಷ್ಟು ವರ್ಷ ಇದಕ್ಕೆ ಪೂಜೆ ಮಾಡೋದು ಎಂದು ಅವರಿಗೇ ಅನ್ನಿಸಿತು. ಟರ್ಬೊ ಕೂರಿಸಲು ತಕ್ಕ, ಎಂಜಿನ್ನಿನ ಹೊಗೆ ಹೊರಹೋಗುವ ಹೊಸ ಎಕ್ಸಾಸ್ಟ್ ಪೈಪು ದಾವಣಗೆರೆಯಲ್ಲಿ ಮಾಡಿಸಿದರು. ಎಂಜಿನ್ನಿನ ತಳದಲ್ಲಿ ಎಣ್ಣೆ ತುಂಬಿರುವ ಸಂಪು ಎಂಬ ತೊಟ್ಟಿಗೆ ತೂತು ಕೊರೆಸಿ, ಟರ್ಬೊದಿಂದ ಎಣ್ಣೆ ವಾಪಸು ಬರಲು ಒಂದು ಮೂತಿ ವೆಲ್ಡ್ ಮಾಡಿಸಿದರು. ವಾರದಿಂದ ಕಾರು ರಸ್ತೆಗೇ ಇಳಿದಿರಲಿಲ್ಲ. ಶನಿವಾರ ಹಿರಿಯೂರಿನ ಗೆಳೆಯರು ಬಂದು ಟರ್ಬೊ ಕೂರಿಸಿ, ನಟ್ಟುಗಳನ್ನು ಬಿಗಿಮಾಡಿ ಹೋಗಿದ್ದರು. ಭಾನುವಾರಕ್ಕೆ ಉಳಿದಿದ್ದದ್ದು ಎಣ್ಣೆ ಹರಿಸುವುದು, ಆಮೇಲೆ ಚಾಲೂ ಮಾಡುವುದು.

ನಾನು ಕಾನ್ವೆಂಟಿನಲ್ಲಿ ಓದಿದವಳು ಎಂದು ಮನೆಯ ಇಂಗ್ಲಿಷ್ ಕೆಲಸವೆಲ್ಲ ನನಗೇ. ಔಷಧಿಯ ಚೀಟಿ ನಾನೇ ಓದಬೇಕು, ಮಿಕ್ಸಿಯ ಗ್ಯಾರಂಟಿ ನಾನೇ ಓದಬೇಕು. ಟರ್ಬೊದ ಜೊತೆ ಬಂದ ಪುಸ್ತಿಕೆಯನ್ನೂ ನಾನೇ ಓದಿ ಹೇಳಿದೆ. ಪೆನ್ನು ಹಿಡಿಯುವ ಮೊದಲು ಪ್ರಶ್ನೆಪತ್ರಿಕೆಯನ್ನು ಕೊನೆಯ ತನಕ ಓದಬೇಕು ಎಂದು ಸಿಸ್ಟರ್ ಹೇಳುತ್ತಿದ್ದರು. ಹಾಗೇ ಓದಿದ್ದೆ. ಅದರಲ್ಲಿ ದಪ್ಪ ಅಕ್ಷರದಲ್ಲಿದ್ದದ್ದು ಒಂದೇ ವಿಷಯ. ಆ ದಂಡ ತಿರುಗುವ ವೇಗಕ್ಕೆ ಅದನ್ನು ಎತ್ತಿ ಹಿಡಿಯುವುದು ಎಣ್ಣೆಯ ಒಂದು ತೆಳು ಪದರ ಮಾತ್ರ. ಎಣ್ಣೆ ತಲುಪದೆ ಚಾಲೂ ಮಾಡಿದರೆ ದಂಡ ಸುಟ್ಟು, ಚಕ್ರ ಮುರಿದು, ಅದರ ಚೂರು ಎಂಜಿನ್ನಿನ ಹೊಟ್ಟೆ ಸೇರಬಹುದು.

ಆದ್ದರಿಂದ ಮೊದಲು ಟರ್ಬೊದ ನೆತ್ತಿಯ ಸಣ್ಣ ತೂತಿಗೆ ಸಿರಿಂಜಿನಿಂದ ಎಣ್ಣೆ ಬಿಡಬೇಕು. ಆಮೇಲೆ ಎಂಜಿನ್ನಿನ ಎಣ್ಣೆಯ ನಳಿಗೆಯನ್ನು ಆ ತೂತಿಗೆ ಬಿಗಿದು, ಕಾರಿನ ಪೆಟ್ರೋಲ್ ಪಂಪಿನ ಫ್ಯೂಸು ತೆಗೆದು, ಎಂಜಿನ್ನು ಹತ್ತಿಕೊಳ್ಳದಂತೆ ಬರೀ ಸೆಲ್ಫ್ ಹೊಡೆಯಬೇಕು. ಎಂಜಿನ್ನಿನ ಎಣ್ಣೆ ಟರ್ಬೊದೊಳಗೆ ಹೊಕ್ಕು, ಅಡಿಯ ಪೈಪಿನಿಂದ ಧಾರೆಯಾಗಿ ಹೊರಗೆ ಬರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಆ ಪೈಪನ್ನು ಸಂಪಿಗೆ ಸಿಕ್ಕಿಸಬೇಕು.

ಕಾರಿನಡಿ ನುಸುಳುವವರು ಯಾರು ಎಂಬ ಪ್ರಶ್ನೆ ಬಂತು. ಬೆಳಿಗ್ಗೆಯೇ ಮತ್ತೆ ಬಂದಿದ್ದ ಹಿರಿಯೂರಿನವರು ತಮ್ಮ ಹೊಟ್ಟೆ ನೋಡಿಕೊಂಡು ನಕ್ಕರು. ನಮ್ಮವರು ಸೀಟಿನಲ್ಲಿ ಕೂತು ಕೀಲಿ ತಿರುಗಿಸಬೇಕಿತ್ತು. ನಾನು ದುಪಟ್ಟಾ ಬಿಚ್ಚಿಟ್ಟು, ಹಳೇ ಚಾಪೆ ಹಾಸಿ, ಹಿಟ್ಟು ಕಲೆಸುವ ಸ್ಟೀಲ್ ಬೋಗುಣಿ ಹಿಡಿದು ಒಳಗೆ ಸರಿದೆ.

ಸಿರಿಂಜಿನಿಂದ ಎಣ್ಣೆ ಬಿಟ್ಟಾಗಲೇ ಒಂದು ಸಂಗತಿ ಆಗಿತ್ತು. ತೂತು ಎಣ್ಣೆಯನ್ನು ಬೇಗ ಕುಡಿಯಲಿಲ್ಲ. ಅಂಚಿನಲ್ಲೇ ನಿಂತು ಮಿನುಗಿ, ಬಹಳ ಹೊತ್ತಿನ ಮೇಲೆ ಇಳಿಯಿತು. ತುಂಬಿದೆ ಎಂದರು ಹಿರಿಯೂರಿನವರು. ನಾನೂ ಹಾಗೇ ತಿಳಿದೆ.

ಸೆಲ್ಫ್ ಹೊಡೆದರು. ತಲೆಯ ಮೇಲೆ ಎಂಜಿನ್ನು ಉಬ್ಬಸದಿಂದ ಸುತ್ತಿತು. ಪೈಪಿನ ತುದಿಯಲ್ಲಿ ಒಂದು ಹನಿ ದಪ್ಪವಾಗಿ, ತೂಗಾಡಿ, ಬೋಗುಣಿಗೆ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಇನ್ನಷ್ಟು. ಸೆಲ್ಫ್ ಮೋಟಾರು ಬಿಸಿಯಾಗದಿರಲಿ ಎಂದು ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊಡೆದರು. ಈ ಸಲ ಹನಿಗಳ ನಡುವಿನ ಅಂತರ ಹೆಚ್ಚಿತ್ತು.

"ಅತ್ತಿಗೆ, ಎಣ್ಣೆ ಬಂತೇನ್ರಿ?" ಹಿರಿಯೂರಿನವರು ಬಾನೆಟ್ಟಿನ ಕಡೆಯಿಂದ ಕೂಗಿದರು. ನನಗೆ ಕಾಣುತ್ತಿದ್ದದ್ದು ಅವರ ಬೂಟು ಮಾತ್ರ.

"ತೊಟ್ಟಿಕ್ತಾ ಐತೆ ಅಷ್ಟೆ. ಮೊದ್ಲಿಗಿಂತ ಕಮ್ಮಿ."

"ತೊಟ್ಟಿಕ್ಕಿದ್ರೆ ಸಾಕು ಬಿಡ್ರಿ. ಬರೇ ಸೆಲ್ಫ್‌ಗೆ ಎಣ್ಣೆ ಪ್ರೆಶರ್ ಎಲ್ಲಿಂದ ಬರ್ತೈತೆ? ಚಾಲೂ ಆಗ್ಲಿ, ಧಾರೆ ಬರ್ತೈತೆ."

ಆ ಮಾತು ಪೂರ್ತಿ ತಪ್ಪೂ ಆಗಿರಲಿಲ್ಲ. ಸೆಲ್ಫಿಗೆ ಎಣ್ಣೆ ನಿಧಾನವಾಗಿಯೇ ಬರುತ್ತದೆಂದು ಪುಸ್ತಿಕೆಯಲ್ಲೂ ಇತ್ತು. ಆದರೆ ಒಳಗಿನ ಗಾಳಿ ಹೋಗಿ ಎಣ್ಣೆ ತುಂಬುತ್ತಿದ್ದರೆ ಎರಡನೆಯ ಸಲ ಹೆಚ್ಚಬೇಕಲ್ಲದೆ ಕಡಿಮೆಯಾಗಬಾರದು. ನಾನು ಬೋಗುಣಿಯನ್ನು ಬೆಳಕಿಗೆ ವಾಲಿಸಿದೆ. ಹೊಸ ಎಣ್ಣೆ ಜೇನಿನ ಹಾಗೆ ತಿಳಿಯಾಗಿತ್ತು. ಆದರೆ ತಳದಲ್ಲಿ ಬೂದು ಬಣ್ಣದ ನವಿರು ಪುಡಿ ಎಳೆಯಾಗಿ ಹರಡಿತ್ತು.

ಪುಡಿ ಇದೆ ಎಂದೆ. ಎರಕದ ಪುಡಿ ಇರಬೇಕು, ಹೊಸ ಸಾಮಾನಿನಲ್ಲಿ ಇರುತ್ತದೆ ಎಂದರು ಹಿರಿಯೂರಿನವರು. ಅಷ್ಟರಲ್ಲಿ ನಮ್ಮವರ ಫೋನು ಗುಂಯ್ಗುಟ್ಟಿತು. ಹೊಸದುರ್ಗದವರು, ಆಯ್ತಾ ಚಾಲೂ ಆಯ್ತಾ ಎಂದು. ಬೆಳಗಿನಿಂದ ಅವರದ್ದು ಅದೆಷ್ಟನೆಯ ಕರೆಯೋ. ಇನ್ನೇನು ಆಗುತ್ತದೆ ಎಂದು ನಮ್ಮವರು ಹೇಳುವುದು ಕೇಳಿಸಿತು. ಆಮೇಲೆ ನನ್ನ ತಲೆಯ ಹಿಂದೆ, ಟ್ಯಾಂಕಿನ ಕಡೆಯಿಂದ, ಝುಂ ಎಂದು ಸಣ್ಣ ಸದ್ದು. ಅದು ಪೆಟ್ರೋಲ್ ಪಂಪು. ಅಂದರೆ ಫ್ಯೂಸು ವಾಪಸು ಹಾಕಿಯಾಗಿತ್ತು. ಇನ್ನು ಕೀಲಿ ಒಂದು ಎಳೆ ತಿರುಗಿದರೆ ಎಂಜಿನ್ನು ಹತ್ತಿಕೊಳ್ಳುತ್ತದೆ.

"ಪೈಪು ಸಂಪಿಗೆ ಸಿಗ್ಸಿ ಆಚೆ ಬಾ," ಎಂದರು ನಮ್ಮವರು.

ನಾನು ಬೋಗುಣಿಯ ತಳಕ್ಕೆ ಬೆರಳು ಹಾಕಿ ಆ ಪುಡಿಯನ್ನು ಹೆಬ್ಬೆರಳಿನಿಂದ ತಿಕ್ಕಿದೆ. ಕಬ್ಬಿಣದ ಪುಡಿಯಾದರೆ ಚುಚ್ಚಬೇಕು, ಮರಳಾದರೆ ಕರಕರ ಎನ್ನಬೇಕು. ಇದು ಎರಡೂ ಅಲ್ಲ. ನುಣುಪಾಗಿ ಹರಡಿ, ಬೆರಳಿನ ಗೆರೆಗಳೊಳಗೆ ಬೆಳ್ಳಗೆ ಕೂತಿತು. ದಿನಾ ಬೆಳಿಗ್ಗೆ ಹಣೆಗೆ ಎಳೆದುಕೊಂಡ ಮೇಲೆ ಬೆರಳಲ್ಲಿ ಉಳಿಯುವುದು ಹೀಗೇ.

"ರೀ, ಇದು ವಿಭೂತಿ."

ಹಿರಿಯೂರಿನವರು ನಕ್ಕರು. "ಅತ್ತಿಗೆ, ಎಂಜಿನ್‌ನಾಗೂ ನಿಮಗೆ ಶಿವನೇ ಕಾಣ್ತಾನಲ್ರಿ."

ನಮ್ಮವರು ನಗಲಿಲ್ಲ, ಆದರೆ ಅವರಿಗೆ ತಾಳ್ಮೆಯೂ ಇರಲಿಲ್ಲ. ಸುಮ್ಮನೆ ಪೈಪು ಸಿಕ್ಕಿಸು, ಒಂದು ನಿಮಿಷ ಚಾಲೂ ಮಾಡಿ ನೋಡಿ ಆಫ್ ಮಾಡಾಣ ಎಂದರು. ಒಂದು ನಿಮಿಷ ಬೇಡ, ಅಷ್ಟರಲ್ಲೇ ಸುಟ್ಟುಹೋಗಬಹುದು ಎಂದೆ. ಇಷ್ಟು ವರ್ಷ ಆಯಿತು, ಇವತ್ತೂ ಆಗದಿದ್ದರೆ ಇನ್ನು ಆಗುವುದೇ ಇಲ್ಲ ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಹತಾಶೆಯೇ ಹೆಚ್ಚಿತ್ತು. ನಾನು ಹೆದರಿದ್ದು ಅದಕ್ಕೇ.

ಪೈಪು ನನ್ನ ಕೈಯಲ್ಲಿತ್ತು. ಅದನ್ನು ಸಂಪಿಗೆ ಸಿಕ್ಕಿಸುವ ತನಕ, ನಾನು ಅಡಿಯಿಂದ ಈಚೆ ಬರುವ ತನಕ, ಅವರು ಕೀಲಿ ತಿರುಗಿಸುವ ಹಾಗಿರಲಿಲ್ಲ. ಮದುವೆಯಾಗಿ ಇಷ್ಟು ಕಾಲಕ್ಕೆ ನಾನು ಹಟ ಮಾಡಿದ್ದು ಕಡಿಮೆ. ಅವತ್ತು ಎಣ್ಣೆ ಹತ್ತಿದ ಕೈಯಲ್ಲಿ ಪೈಪಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡು ಮಲಗಿದ್ದೆ.

"ನಾನು ಸಿಗ್ಸಲ್ಲ. ಬಿಚ್ಚಿ ನೋಡ್ರಿ."

ಸೀಟು ಕಿರುಗುಟ್ಟಿತು. ಬಾಗಿಲು ತೆರೆಯಿತು. ನಮ್ಮವರ ಚಪ್ಪಲಿ ಕಾಣಿಸಿತು, ಆಮೇಲೆ ಮೊಣಕಾಲು, ಆಮೇಲೆ ಮುಖ. ಬೈಯುತ್ತಾರೆಂದುಕೊಂಡೆ. ಅವರು ನನ್ನ ಬೆರಳನ್ನು ಹಿಡಿದು ನೋಡಿದರು, ತಮ್ಮ ಬೆರಳಿಗೆ ಹಚ್ಚಿಕೊಂಡು ತಿಕ್ಕಿದರು. ಮುಖದ ಬಣ್ಣ ಇಳಿದುಹೋಯಿತು.

"ಆ ತೂತಿಗೆ ಮುಚ್ಚಳ ಇತ್ತಲ್ಲ?" ಎಂದರು. ಕೇಳಿದ್ದು ನನ್ನನ್ನಲ್ಲ.

ಟರ್ಬೊ ಬಂದಾಗ ಅದರ ಎಲ್ಲ ತೂತಿಗೂ ಕೆಂಪು ಪ್ಲಾಸ್ಟಿಕ್ ಮುಚ್ಚಳಗಳಿದ್ದವು. ಪೂಜೆಗೆ ಇಡುವಾಗ ಚೆನ್ನಾಗಿ ಕಾಣಲೆಂದು ಮೊದಲ ವರ್ಷವೇ ಅವರು ಅವನ್ನು ಕಿತ್ತಿಟ್ಟಿದ್ದರು. ನಮ್ಮಲ್ಲಿ ಹೊಸ ಗಾಡಿಯಾದರೆ ಸೀಟಿನ ಪ್ಲಾಸ್ಟಿಕ್ ಬಿಚ್ಚಿಯೇ ಪೂಜೆ ಮಾಡುವುದು. ಹೊದಿಕೆ ಹೊದ್ದ ದೇವರಿಗೆ ಯಾರು ಹೂವಿಡುತ್ತಾರೆ? ಹಾಗೇ ಇದೂ. ನೆತ್ತಿಯ ತೂತು ಆಕಾಶ ನೋಡುತ್ತ ಕೂತಿರುತ್ತಿತ್ತು, ವರ್ಷ ವರ್ಷವೂ ಅದರ ಮೇಲೆ ವಿಭೂತಿ, ಅಕ್ಷತೆ ಬೀಳುತ್ತಿತ್ತು.

ಬಿಚ್ಚಲು ಮಧ್ಯಾಹ್ನವಾಯಿತು. ಹಿಂದಿನ ದಿನ ಅಷ್ಟು ಬಿಗಿಯಾಗಿ ತಿರುವಿದ್ದ ನಟ್ಟುಗಳನ್ನು ಒಂದೊಂದಾಗಿ ಇಬ್ಬರೂ ಸೇರಿ ಸಡಿಲಿಸಿದರು. ಟರ್ಬೊವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹಳೇ ಪೇಪರು ಹಾಸಿ ಇಟ್ಟೆವು. ನಾನು ಟಾರ್ಚು ಹಿಡಿದೆ. ತೂತಿನ ಆಳದಲ್ಲಿ, ಅದು ಕಿರಿದಾಗುವ ಕಡೆ, ಹಳದಿ ಚುಕ್ಕೆಯೊಂದು ಕಂಡಿತು. ಹಿರಿಯೂರಿನವರು ಗಾಳಿ ಹೊಡೆದು ಊದಾಣ ಎಂದರು. ನಮ್ಮವರು ತಡೆದರು, ಊದಿದರೆ ಇನ್ನೂ ಒಳಗೆ ಹೋಗುತ್ತದೆ. ಸ್ಕ್ರೂ ಡ್ರೈವರು ದಪ್ಪವಾಯಿತು, ಸೂಜಿಗೆ ಅದು ಸಿಕ್ಕಿಕೊಳ್ಳಲಿಲ್ಲ. ನಾನು ಒಳಗೆ ಹೋಗಿ ಲೇಸು ಹೆಣೆಯುವ ನನ್ನ ಅತಿ ಸಣ್ಣ ಕ್ರೋಶಾ ಕಡ್ಡಿ ತಂದೆ. ಮೊಣಕೈಯನ್ನು ಕಟ್ಟೆಗೆ ಊರಿ, ಕಡ್ಡಿಯ ಕೊಕ್ಕೆಯನ್ನು ಬದಿಯಿಂದ ಇಳಿಸಿ, ಹೊರಳಿಸಿ, ಉಸಿರು ಬಿಗಿಹಿಡಿದು ಎಳೆದೆ.

ಒಂದು ಅಕ್ಕಿಕಾಳು. ಎಣ್ಣೆ ಕುಡಿದು ಹೊಳೆಯುತ್ತಿತ್ತು. ಅರಿಶಿನ ಇನ್ನೂ ಮಾಸಿರಲಿಲ್ಲ, ತುದಿಯಲ್ಲಿ ಕುಂಕುಮದ ಕೆಂಪು.

ಹಿರಿಯೂರಿನವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಮತ್ತೆ ಕಡ್ಡಿ ಇಳಿಸಿದಾಗ ಅರ್ಧ ಕಾಳು ಬಂತು. ಇನ್ನರ್ಧ ಬರಲಿಲ್ಲ. ಅದು ಯಾವತ್ತೋ ಮುರಿದು ಬಿದ್ದಿತ್ತೋ, ಆಗಲೇ ಒಳಗಿನ ಬೇರಿಂಗಿಗೆ ಹೋಗಿತ್ತೋ, ಹೊರಗಿನಿಂದ ನೋಡಿ ಹೇಳುವ ಹಾಗಿರಲಿಲ್ಲ.

"ಪೆಟ್ರೋಲ್‌ನಾಗೆ ಚೆನ್ನಾಗಿ ತೊಳ್ದು ಹಾಕಾಣ ಬಾರಲೇ," ಎಂದರು ಹಿರಿಯೂರಿನವರು. "ಇನ್ನೂ ಹೊತ್ತೈತೆ. ಸಂಜಿ ಒಳಗೆ ಓಡಿಸ್ಬೋದು."

ನಮ್ಮವರು ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಪೈಪು ಹಿಡಿದು ಹಟ ಮಾಡಿದ್ದು ನನ್ನ ಕೈಲಾದದ್ದು. ಇದು ಅವರೇ ಹೇಳಬೇಕಾದ ಮಾತು.

"ಬೇಡ," ಎಂದರು. "ಸಿಕ್ಕಿದ್ದು ಸಿಕ್ತು. ಸಿಗದಿದ್ದದ್ದು ಎಲ್ಲೈತೆ ಅಂತ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ನಿಂಗೆ ಬೇರೆ ಎಂಜಿನ್ ಸಿಕ್ತು ಕಣಪ್ಪ. ನಂಗೆ ಸಿಗಲ್ಲ."

ಟರ್ಬೊವನ್ನು ಪೂರ್ತಿ ಬಿಚ್ಚಿಸಿ, ತೊಳೆಸಿ, ದಂಡದ ಬ್ಯಾಲೆನ್ಸ್ ಸರಿನೋಡಿಸಬೇಕು. ಅದು ಬೆಂಗಳೂರಿನ ಕೆಲಸ. ಅಲ್ಲಿಗೆ ಕಳಿಸುವುದು, ಬರುವುದು, ಮತ್ತೆ ಇಂಥದೇ ಒಂದು ಭಾನುವಾರ ಕೂಡಿಬರುವುದು. ಗುಂಪಿನಲ್ಲಿ ಎಲ್ಲರೂ ಹೀಗೆ ಹೇಳಿಯೇ ನಿಂತದ್ದು ಎಂದು ನಮ್ಮವರಿಗೆ ಗೊತ್ತಿತ್ತು. ಗೊತ್ತಿದ್ದೂ ಹಳೇ ಎಕ್ಸಾಸ್ಟ್ ಪೈಪು ಎಲ್ಲಿಟ್ಟೆ ಎಂದು ಕೇಳಿದರು. ತಂದುಕೊಟ್ಟೆ.

ಆಗಲೇ ಹೊಸದುರ್ಗದವರ ಫೋನು ಮತ್ತೆ ಬಂತು. ನಮ್ಮವರು ಸ್ಪೀಕರಿಗೆ ಹಾಕಿ, ಕೈ ಕೆಲಸ ನಿಲ್ಲಿಸದೆ ನಡೆದದ್ದನ್ನೆಲ್ಲ ಹೇಳಿದರು. ಲೈನು ಕಟ್ಟಾಯಿತೇನೋ ಎಂದುಕೊಂಡೆ.

"ನಂದೂ ಪೂಜೆಗೆ ಇಟ್ಟಿದ್ನಲ್ಲಪ್ಪ," ಎಂದಿತು ದನಿ ಕೊನೆಗೆ. "ನಮ್ಮಮ್ಮ ಹಾಲು ಬೇರೆ ಬಿಟ್ಟಿದ್ಲು."

ಹಿರಿಯೂರಿನವರು ಸ್ಪ್ಯಾನರು ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಬೆಳಗಿನಿಂದ ಮೊದಲ ಸಲ ನಮ್ಮವರ ತುಟಿಯೂ ಅಲುಗಿತು. ಹೊಸದುರ್ಗದವರು, ಹಾಗಾದರೆ ನಂದು ಸದ್ಯಕ್ಕೆ ಬೀರುವಿನಲ್ಲೇ ಇರಲಿ ಎಂದು ಫೋನಿಟ್ಟರು. ಆ ದನಿಯಲ್ಲಿ ಬೇಸರವಿರಲಿಲ್ಲ. ಪರೀಕ್ಷೆ ಮುಂದಕ್ಕೆ ಹೋಯಿತೆಂದು ಕೇಳಿದ ಹುಡುಗರ ದನಿ ಹಾಗಿರುತ್ತದೆ.

ಆದರೆ ವಾಪಸು ಜೋಡಿಸುವುದೂ ಸುಲಭವಾಗಲಿಲ್ಲ. ಹಳೇ ಪೈಪು ಕೂರಿಸುವಾಗ ಒಂದು ಬೋಲ್ಟು ಅರ್ಧಕ್ಕೆ ಕಚ್ಚಿಕೊಂಡಿತು. ಅದು ಎಂಜಿನ್ನಿನ ತಲೆಯೊಳಗೇ ಮುರಿದರೆ ಟರ್ಬೊ ಇಲ್ಲದೆಯೇ ಎಂಜಿನ್ನು ಹಾಳು. ನಮ್ಮವರು ಸ್ಪ್ಯಾನರಿನ ಮೇಲೆ ಭಾರ ಹಾಕುವಾಗ ಒಂದು ಕಿರ್ ಸದ್ದು ಬಂತು. ಮೂವರೂ ಹಾಗೇ ನಿಂತೆವು. ಬೋಲ್ಟನ್ನು ಹಿಂದಕ್ಕೆ ತಿರುವಿ, ಎಣ್ಣೆ ಬಿಟ್ಟು, ಕಾದು, ಮತ್ತೆ ಒಂದೊಂದೇ ಎಳೆ ಮುಂದಕ್ಕೆ ತಂದರು. ಅವರ ಕುತ್ತಿಗೆಯ ನರ ಉಬ್ಬಿತ್ತು. ಕೊನೆಗೆ ಅದು ಕೂತಿತು. ಸಂಪಿನ ಹೊಸ ಮೂತಿಗೆ ಗಟ್ಟಿ ಬಿರಡೆ ಹಾಕಿ, ಕಡಿಮೆಯಾದ ಎಣ್ಣೆ ತುಂಬಿದರು. ಮಧ್ಯಾಹ್ನದ ಊಟ ತಟ್ಟೆಯಲ್ಲೇ ಆರಿತು.

ಬಿಸಿಲು ಇಳಿದಿತ್ತು. ಕಾರನ್ನು ಸ್ಟ್ಯಾಂಡಿನಿಂದ ಇಳಿಸಿದೆವು. ನಮ್ಮವರು ಕೀಲಿಯನ್ನು ನನ್ನ ಕೈಗೆ ಕೊಟ್ಟು, ನೀನು ಕೂತ್ಕೊ, ನಾನು ಎಂಜಿನ್ ಹತ್ರ ನಿಂತು ಕೇಳ್ತೀನಿ ಎಂದರು. ಕೀಲಿ ತಿರುಗಿಸುವಾಗ ನನ್ನ ಕಣ್ಣು ಎಣ್ಣೆಯ ಕೆಂಪು ದೀಪದ ಮೇಲಿತ್ತು. ಎಂಜಿನ್ನು ಕೆಮ್ಮಿತು, ನಿಂತಿತು. ಮತ್ತೆ ತಿರುಗಿಸಿದೆ. ಹತ್ತಿಕೊಂಡಿತು. ದೀಪ ಇನ್ನೂ ಉರಿಯುತ್ತಿತ್ತು, ಉರಿಯುತ್ತಿತ್ತು, ಆರಿತು. ಬಾನೆಟ್ಟಿನ ಅಂಚಿನಲ್ಲಿ ನಮ್ಮವರ ಕೈ ಮಾತ್ರ ಕಾಣುತ್ತಿತ್ತು. ಅದು ಮೆಲ್ಲಗೆ ಸಡಿಲವಾಯಿತು.

ಹಿರಿಯೂರಿನವರು ಕಾಫಿ ಕುಡಿದು ಹೊರಟರು. ನಾವಿಬ್ಬರೂ ಮದಕರಿಪುರದ ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದೆವು. ನಾನೇ ಓಡಿಸಿದೆ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ಸುತ್ತುತ್ತಿದ್ದವು. ಅವರು ಕಿಟಕಿ ಇಳಿಸಿ, ತಲೆ ವಾಲಿಸಿ, ಎಂಜಿನ್ನಿನ ಸದ್ದನ್ನೇ ಕೇಳುತ್ತಿದ್ದರು. ಮನೆಯ ತಿರುವಿನಲ್ಲಿ, ಬೆಂಗಳೂರಿಗೆ ಕಳಿಸೋದನ್ನ ಮುಂದಿನ ತಿಂಗಳು ನೋಡಾಣ ಎಂದರು. ಹೂಂ ಎಂದೆ.

ಗೇಟಿನೊಳಗೆ ಕಾರು ನಿಲ್ಲಿಸಿ ಇಳಿಯುವಾಗ, ಪಕ್ಕದ ಮನೆಯ ದೊಡ್ಡಮ್ಮ ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತ್ತು ಬರುತ್ತಿದ್ದರು. ವಾರದಿಂದ ಬಾನೆಟ್ ತೆರೆದ ಕಾರನ್ನೂ, ಗ್ರೀಸು ಹತ್ತಿದ ಗಂಡಸರನ್ನೂ ನೋಡಿಕೊಂಡೇ ಓಡಾಡಿದವರು. ನಿಲ್ಲದೆ, ಡಬ್ಬಿಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸುತ್ತ ನಮ್ಮವರಿಗೆ ಹೇಳಿದರು.

"ಅಂತೂ ರಿಪೇರಿ ಆತೇನಪ್ಪ? ಸದ್ಯ, ಮೊದ್ಲಿನಂಗೇ ಆತು ಬಿಡು."